ಸೈಕಲ್ ಇಳಿಯುವ ಜಾಗ

(ಬಾನುಲಿ ಭಾಷಣ)



ಮುಂಜಾನೆ ಒಂಬತ್ತೂವರೆಯ ಹೊತ್ತಿಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಕಲಬುರಗಿ ಜಿಲ್ಲೆಯ ಈ ಐದು ಊರುಗಳಲ್ಲಿ ಯಾವುದರ ಅಂಚಿಗೆ ಹೋಗಿ ನಿಂತರೂ ಒಂದು ನೋಟ ಸಿಗುತ್ತದೆ. ಹಳ್ಳಿ ಕಡೆಯ ದಾರಿಯಿಂದ ಒಬ್ಬ ಹುಡುಗಿ ಸೈಕಲ್ ತುಳಿಯುತ್ತ ಬರುತ್ತಾಳೆ. ಹ್ಯಾಂಡಲಿಗೆ ಬುತ್ತಿಚೀಲ, ಕ್ಯಾರಿಯರ್ ಮೇಲೆ ಪಾಟಿಚೀಲ, ಕೆಲವೊಮ್ಮೆ ಪಾಟಿಚೀಲ ತಬ್ಬಿಕೊಂಡು ಕೂತ ತಮ್ಮ. ಡಾಂಬರು ರಸ್ತೆ ಇನ್ನೂ ಹತ್ತು ಮಾರು ದೂರ ಇರುವಾಗಲೇ ಬ್ರೇಕು ಹಿಡಿದು ಕೆಳಗಿಳಿಯುತ್ತಾಳೆ. ಸುಣ್ಣಗಲ್ಲು ತುಂಬಿದ ಟಿಪ್ಪರು ಹೋಗುತ್ತದೆ, ಸಿಮೆಂಟಿನ ಲಾರಿ ಹೋಗುತ್ತದೆ, ಅದನ್ನು ಹಿಂದಿಕ್ಕುವ ಅವಸರದಲ್ಲಿ ಇನ್ನೊಂದು ಹೋಗುತ್ತದೆ. ಆ ಗಾಳಿಯ ಎಳೆತಕ್ಕೆ ಸೈಕಲ್ ಒಮ್ಮೆ ಅಲುಗುತ್ತದೆ. ಕಡೆಗೊಮ್ಮೆ ರಸ್ತೆ ಬರಿದಾದಾಗ ಸೈಕಲನ್ನು ನೂಕಿಕೊಂಡು ಓಡುತ್ತ ಆಚೆ ದಾಟುತ್ತಾಳೆ, ಮತ್ತೆ ಏರುತ್ತಾಳೆ.

ಆ ಹುಡುಗಿ ಕೆಳಗಿಳಿದಳಲ್ಲ, ಇವತ್ತು ನನ್ನ ಮಾತೆಲ್ಲ ಆ ಜಾಗದ ಬಗ್ಗೆ. ಸಣ್ಣ ಊರಿಗೆ ಸುರಕ್ಷಿತವಾದ ಸೈಕಲ್ ದಾರಿ ಬೇಕೆಂದರೆ ಮೊದಲು ಇಂಜಿನಿಯರನ್ನು ಹುಡುಕಬೇಕಾಗಿಲ್ಲ, ಹಣವನ್ನೂ ಹುಡುಕಬೇಕಾಗಿಲ್ಲ. ಮಕ್ಕಳು ಸೈಕಲಿನಿಂದ ಎಲ್ಲೆಲ್ಲಿ ಇಳಿಯುತ್ತಾರೆ ಎಂದು ಗುರುತು ಮಾಡಿದರೆ ಅರ್ಧ ಯೋಜನೆ ಮುಗಿದಂತೆ.

ನಾನು ಸೈಕಲ್ ಕಲಿತದ್ದು ವಾಡಿಯಲ್ಲಿ. ತಾಸಿನ ಬಾಡಿಗೆಯ ದೊಡ್ಡವರ ಸೈಕಲ್, ಸೀಟು ನನ್ನ ಎದೆಮಟ್ಟ. ಫ್ರೇಮಿನ ಒಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆಯುವುದು, ಮೊಣಕಾಲು ಕೆತ್ತಿಸಿಕೊಳ್ಳುವುದು, ತಾಸು ಮುಗಿಯುವ ಮೊದಲೇ ಅಂಗಡಿಯವನ ಮುಂದೆ ತಂದು ನಿಲ್ಲಿಸುವುದು. ಆಗ ಕಾರ್ಖಾನೆಯ ಪಾಳಿ ಬಿಡುವ ಹೊತ್ತಿಗೆ ಭೋಂಗಾ ಕೂಗಿತೆಂದರೆ ಗೇಟಿನಿಂದ ಸೈಕಲ್ಲುಗಳು ಹಳ್ಳ ಬಂದಂತೆ ಬರುತ್ತಿದ್ದವು. ಒಬ್ಬನ ಗಂಟೆ ಇನ್ನೊಬ್ಬನ ಗಂಟೆಗೆ ಜವಾಬು. ಆ ಪ್ರವಾಹ ಹರಿದುಹೋಗುವ ತನಕ ಲಾರಿಯವನೇ ಎಂಜಿನ್ ಆರಿಸಿ ಬೀಡಿ ಹಚ್ಚಿಕೊಂಡು ಕೂರುತ್ತಿದ್ದ. ಅಂದರೆ ಅವತ್ತು ಇಳಿಯುತ್ತಿದ್ದವನು ಲಾರಿಯವನು! ಸೈಕಲ್ಲುಗಳು ಹೆಚ್ಚಿದಷ್ಟೂ ಒಬ್ಬೊಬ್ಬ ಸವಾರನಿಗೆ ಅಪಾಯ ಕಡಿಮೆ ಎಂದು ರಸ್ತೆ ಸುರಕ್ಷತೆಯ ಅಧ್ಯಯನಗಳು ಆಮೇಲೆ ಲೆಕ್ಕ ಹಾಕಿ ಹೇಳಿದವು. ನಮ್ಮೂರಿನಲ್ಲಿ ಅದು ಕಣ್ಣಿಗೆ ಕಾಣುತ್ತಿತ್ತು. ಕ್ರಮೇಣ ಪಾಳಿಯವರ ಕೈಗೆ ಮೋಟರ್ ಸೈಕಲ್ ಬಂತು. ಹಳ್ಳ ಬತ್ತಿತು. ಉಳಿದ ಒಂದೆರಡು ಹನಿ ಸೈಕಲ್ಲುಗಳಿಗೆ ಕಾವಲು ಇಲ್ಲದಾಯಿತು.

ಹಾಗೆ ಬತ್ತಿದ ಹಳ್ಳಕ್ಕೆ ಹೊಸ ನೀರು ಬಂದದ್ದು 2006-07ರಲ್ಲಿ. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೇ ತರಗತಿಗೆ ಬಂದ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಕರ್ನಾಟಕ ಸರಕಾರ ಆ ವರ್ಷ ಶುರು ಮಾಡಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬಿಹಾರದಲ್ಲೂ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅದರ ಫಲವನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಳೆದು ನೋಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ನೂರಕ್ಕೆ 32ರಷ್ಟು ಏರಿತ್ತು. ಶಾಲೆ ಮೂರು ಕಿಲೊಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲೇ ಈ ಏರಿಕೆ ಹೆಚ್ಚು. ಅಪ್ಪ–ಅವ್ವ ಹುಡುಗಿಯನ್ನು ಶಾಲೆ ಬಿಡಿಸುವುದಕ್ಕೆ ಬಡತನವಷ್ಟೇ ಕಾರಣವಲ್ಲ, ಆ ಮೂರು ಕಿಲೊಮೀಟರೂ ಒಂದು ಕಾರಣ ಎಂದು ಇದರಿಂದ ತಿಳಿಯಿತು.

ನಮ್ಮಲ್ಲೂ ಸೈಕಲ್ ಬಂತು. ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದರು, ಫೋಟೊ ತೆಗೆದರು, ಹಂಚಿದರು. ಕೊರೊನಾ ಬಂದ ಮೇಲೆ ಆ ಹಂಚಿಕೆಯೂ ನಿಂತಿತು. ಆದರೆ ಹಂಚಿದ ವರ್ಷಗಳಲ್ಲೂ ಒಂದು ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ: ಈ ಹುಡುಗಿ ಸೈಕಲನ್ನು ಎಲ್ಲಿ ತುಳಿಯಬೇಕು? ಸೈಕಲ್ ಕೊಟ್ಟೆವು, ದಾರಿ ಕೊಡಲಿಲ್ಲ. ನಮ್ಮ ಕಡೆಯ ಎಷ್ಟೋ ಅವ್ವಂದಿರು ಆ ಸೈಕಲನ್ನು ಗೋಡೆಗೆ ಒರಗಿಸಿ ಇಟ್ಟರು. "ಊರಾಗ ಹೊಡಿ, ರೋಡಿಗಿ ಹೋಗಬ್ಯಾಡ" ಅಂದರು. ಅದನ್ನು ಅಂಜುಬುರುಕತನ ಎನ್ನಲಾಗದು. ರಸ್ತೆಯನ್ನು ನೋಡಿ ಬಲ್ಲವರ ಮಾತದು. 2022ರಲ್ಲಿ ನಮ್ಮ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ ಮೂವರು ಸೈಕಲ್ ಸವಾರರು. ಮೂರು ಸಣ್ಣ ಸಂಖ್ಯೆ ಎನ್ನಬೇಡಿ. ದೇಶದ ಲೆಕ್ಕದಲ್ಲಿ ಅದು ವರ್ಷಕ್ಕೆ ಹೆಚ್ಚುಕಡಿಮೆ ಐದು ಸಾವಿರ ಮನೆ.

ಈಗ ಯಾರಾದರೂ ಕೇಳಬಹುದು: "ಸೈಕಲ್ ಯಾರು ಹೊಡೀತಾರ ರೀ ಈಗ? ಎಲ್ಲಾರ ಮನ್ಯಾಗೂ ಗಾಡಿ ಅದ." ಇರಲಿ. ಆ ಗಾಡಿಯ ಕೀಲಿ ಯಾರ ಕೈಯಲ್ಲಿದೆ? ಗೇರಿನ ಮೋಟರ್ ಸೈಕಲ್ ನಡೆಸಲು ಹದಿನೆಂಟು ತುಂಬಬೇಕು ಎಂದು ಕಾಯ್ದೆ ಹೇಳುತ್ತದೆ. ಹತ್ತು ವರ್ಷದಿಂದ ಹದಿನೆಂಟರ ತನಕ, ಅಂದರೆ ಓದುವ ವಯಸ್ಸಿನುದ್ದಕ್ಕೂ, ನಮ್ಮ ಮಕ್ಕಳು ತಾವೇ ನಡೆಸಿಕೊಂಡು ಹೋಗಬಹುದಾದ ಕಾನೂನಿನ ವಾಹನವೆಂದರೆ ಹೆಚ್ಚುಕಡಿಮೆ ಸೈಕಲ್ ಒಂದೇ. ಅದಕ್ಕೆ ದಾರಿ ಇಲ್ಲದೆ ಹೋದಾಗ ಏನಾಗುತ್ತದೆ? ಹದಿಮೂರರ ಹುಡುಗ ಅಪ್ಪನ ಗಾಡಿ ತೆಗೆಯುತ್ತಾನೆ, ಹಿಂದೆ ಇಬ್ಬರನ್ನು ಕೂರಿಸಿಕೊಳ್ಳುತ್ತಾನೆ. ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಸೈಕಲ್ ದಾರಿ ಇಲ್ಲದ್ದಕ್ಕೆ ನಾವು ತೆರುತ್ತಿರುವ ಬೆಲೆ ಇದು.

ಇನ್ನು ಈ ಐದು ಊರುಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎಲ್ಲವೂ ಕಾಗಿಣಾ ನದಿಯ ಸೀಮೆಯ ಊರುಗಳೇ, ಆದರೆ ಸೈಕಲಿನಿಂದ ಇಳಿಸುವ ಕಾರಣ ಊರಿಗೊಂದು.

ವಾಡಿಯಲ್ಲಿ ರೈಲು. ಮುಂಬಯಿ–ರಾಯಚೂರು ಹಳಿ 1871ರ ಹೊತ್ತಿಗೆ ಇಲ್ಲಿ ಹಾದುಹೋಯಿತು. ನಿಜಾಮನ ರೈಲು 1874ರಲ್ಲಿ ಇಲ್ಲಿಂದ ಸಿಕಂದರಾಬಾದಿಗೆ ಹೊರಟಿತು. ಜಂಕ್ಷನ್ನಿನಿಂದಲೇ ಊರು ಬೆಳೆಯಿತು, ಜಂಕ್ಷನ್ನೇ ಊರನ್ನು ಸೀಳಿತು. ಮನೆ ಈ ಕಡೆ, ಶಾಲೆ ಆ ಕಡೆ. ಶಹಾಬಾದಿನಲ್ಲಿ ಕಲ್ಲು. ದೇಶದ ಎಷ್ಟೋ ಮನೆಗಳಿಗೆ ನೆಲ ಹಾಸಿದ ಶಹಾಬಾದಿ ಫರಸಿ ಕ್ವಾರಿಯಿಂದ ಹೊರಡುವುದು ಟ್ರ್ಯಾಕ್ಟರಿನಲ್ಲಿ, ಲಾರಿಯಲ್ಲಿ. ಅವು ಉದುರಿಸಿದ ಕಲ್ಲಿನ ಚೂರು ಸೈಕಲಿನ ಟೈರಿಗೆ ಕತ್ತಿ. ಚಿತ್ತಾಪುರಕ್ಕೆ ನೀರಿನ ಕಾಟ. ಕಾಗಿಣಾ ತುಂಬಿತೆಂದರೆ ದಂಡೋತಿಯ ಸೇತುವೆ ಮುಳುಗುತ್ತದೆ. ಇತ್ತ ಸೇಡಂ ದಾರಿಯಲ್ಲಿ ಮಳಖೇಡದ ಸೇತುವೆಗೂ ಅದೇ ಗತಿ. ಸೇಡಂ–ಮಳಖೇಡ ಪಟ್ಟಿಯಲ್ಲಿ ಸಿಮೆಂಟು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದ ನೆಲದಡಿಯ ಸುಣ್ಣಗಲ್ಲೇ ಇವತ್ತಿನ ಬಂಡವಾಳ. ತಾಂಡೂರು ಕಡೆಯಿಂದ ಕಲಬುರಗಿ ಕಡೆಗೆ ಹಗಲೂ ರಾತ್ರಿ ಗಾಲಿ ಉರುಳುತ್ತಲೇ ಇರುತ್ತವೆ. ಚಿಂಚೋಳಿಗೆ ಹೋದರೆ ಮುಲ್ಲಾಮಾರಿ ಹೊಳೆ, ಅದರಾಚೆ ಗುಡ್ಡ, ಕಾಡು, ತಾಂಡಾಗಳು. ಅಲ್ಲಿ ದೂರವೇ ದೊಡ್ಡ ಅಡ್ಡಿ.

ಆದರೆ ಈ ಊರುಗಳಿಗೆಲ್ಲ ಒಂದು ವರವೂ ಇದೆ. ಅವು ಸಣ್ಣವು. ಬೆಂಗಳೂರಿನಲ್ಲಿ ಸೈಕಲ್ ಮೇಲೆ ಕೆಲಸಕ್ಕೆ ಹೋಗುವವನು ಹತ್ತು–ಹದಿನೈದು ಕಿಲೊಮೀಟರ್ ತುಳಿಯಬೇಕು. ನಮ್ಮೂರುಗಳ ಈ ತುದಿಯಿಂದ ಆ ತುದಿಗೆ ಮೂರು ಕಿಲೊಮೀಟರ್ ಹಿಡಿಯಿರಿ. ಅವಸರ ಇಲ್ಲದೆ ತುಳಿದರೂ ಸೈಕಲ್ ತಾಸಿಗೆ ಹದಿನೈದು ಕಿಲೊಮೀಟರ್ ಹೋಗುತ್ತದೆ. ಅಂದರೆ ಇಡೀ ಊರು ಹನ್ನೆರಡು ನಿಮಿಷ, ಐದು ಕಿಲೊಮೀಟರ್ ಆಚೆಯ ಹಳ್ಳಿ ಇಪ್ಪತ್ತು ನಿಮಿಷ. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಹೋಗಿ ಮುಟ್ಟಬಹುದು.

ಹಾಗಾದರೆ ಹೆದ್ದಾರಿಯ ಪಕ್ಕ ಒಂದು ಬಿಳಿ ಗೆರೆ ಎಳೆದು, ಸೈಕಲಿನ ಚಿತ್ರ ಬರೆದುಬಿಟ್ಟರೆ ಆಯಿತಲ್ಲ? ಬೆಂಗಳೂರಿನ ಜಯನಗರದಲ್ಲಿ ಹತ್ತು ವರ್ಷಕ್ಕೂ ಹಿಂದೆಯೇ ಸೈಕಲ್ ಪಥ ಮಾಡಿದರು. ಅವು ಬಹುಬೇಗ ಕಾರು ನಿಲ್ಲಿಸುವ ಜಾಗಗಳಾದವು. ಬಣ್ಣಕ್ಕೆ ಕಾವಲು ಕಾಯುವ ಶಕ್ತಿ ಇಲ್ಲ. ನಮ್ಮ ಹೆದ್ದಾರಿಗಳಲ್ಲಿ ಇನ್ನೊಂದು ತೊಡಕು, ವೇಗ. ಈ ಲೆಕ್ಕವನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಎದುರಿಗೆ ಮಗು ಕಂಡ ಗಳಿಗೆಯಿಂದ ಚಾಲಕನ ಕಾಲು ಬ್ರೇಕಿಗೆ ಹೋಗುವ ತನಕ ಒಂದೂವರೆ ಸೆಕೆಂಡು ಹಿಡಿಯುತ್ತದೆ ಎನ್ನಿ. ತಾಸಿಗೆ 60 ಕಿಲೊಮೀಟರ್ ವೇಗದಲ್ಲಿದ್ದ ಲಾರಿ ಅಷ್ಟರಲ್ಲೇ 25 ಮೀಟರ್ ಮುಂದೆ ಬಂದಿರುತ್ತದೆ, ಬ್ರೇಕು ಇನ್ನೂ ಹತ್ತೇ ಇಲ್ಲ! 30ರ ವೇಗದಲ್ಲಿದ್ದರೆ ಹನ್ನೆರಡೂವರೆ ಮೀಟರ್. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ದೇಶಗಳು ನಡೆಯುವವರು, ಸೈಕಲಿನವರು, ಮೋಟಾರು ವಾಹನಗಳು ಒಟ್ಟಿಗೆ ಬೆರೆಯುವ ಕಡೆ ವೇಗ 30 ಮೀರಬಾರದು ಎಂದು ಒಪ್ಪಿದ್ದು ಇದೇ ಲೆಕ್ಕದ ಮೇಲೆ. ಆದ್ದರಿಂದ ನಿಯಮ ಸರಳ. ವೇಗ 30ಕ್ಕೆ ಇಳಿದ ಕಡೆ ಸೈಕಲೂ ಗಾಡಿಯೂ ಒಂದೇ ರಸ್ತೆಯಲ್ಲಿ ಬಾಳಬಹುದು. ಇಳಿಸಲಾಗದ ಕಡೆ ಸೈಕಲಿಗೆ ಬೇರೆ ದಾರಿ ಬೇಕು.

ಆ ಬೇರೆ ದಾರಿ ಎಲ್ಲಿಂದ ತರುವುದು? ಜಮೀನು ಸ್ವಾಧೀನ, ಪರಿಹಾರ, ಕೋರ್ಟು – ಹೆಸರು ಕೇಳಿದರೆ ತಲೆ ಗಿರ್ ಎನ್ನುತ್ತದೆ. ಆದರೆ ನಿಮ್ಮೂರಿನ ಗ್ರಾಮ ನಕಾಶೆಯನ್ನು ಒಮ್ಮೆ ಬಿಡಿಸಿ ನೋಡಿ. ಸರ್ವೆ ನಂಬರುಗಳ ನಡುವೆ ಎರಡು ಸಾಲು ತುಂಡುಗೆರೆ ಕಾಣುತ್ತದಲ್ಲ, ಅದು ಬಂಡಿದಾರಿ. ಒಂದೇ ಸಾಲು ತುಂಡುಗೆರೆ ಇದ್ದರೆ ಕಾಲುದಾರಿ. ಎತ್ತಿನ ಬಂಡಿಗಳ ಕಾಲದಲ್ಲಿ ಈ ದಾರಿಗಳೇ ಹಳ್ಳಿಯಿಂದ ಹಳ್ಳಿಗೆ, ಹಳ್ಳಿಯಿಂದ ಸಂತೆಗೆ ಹೋಗುತ್ತಿದ್ದವು. ಡಾಂಬರು ಬಂದ ಮೇಲೆ ನಾವು ಅವನ್ನು ಮರೆತೆವು. ಕೆಲವನ್ನು ಜಾಲಿ ನುಂಗಿತು, ಕೆಲವನ್ನು ಬದುವಿನ ನೇಗಿಲು ನುಂಗಿತು. ಆದರೆ ನಕಾಶೆಯಲ್ಲಿ ಅವು ಇನ್ನೂ ಇವೆ. "ನಕಾಶೆ ಕಂಡ ದಾರಿ" ಎಂದರೆ ತಹಶೀಲ್ದಾರರ ಕಚೇರಿಯಲ್ಲಿ ಇವತ್ತಿಗೂ ತೂಕ ಇರುವ ಮಾತು. ಎತ್ತಿನ ಬಂಡಿಗೆ ಸರಿಹೋದ ಏರಿಳಿತ ಸೈಕಲಿಗೂ ಸರಿಹೋಗುತ್ತದೆ, ಯಾಕೆಂದರೆ ಎರಡೂ ಜೀವ ಸವೆಸಿ ನಡೆಯುವ ವಾಹನಗಳೇ. ಹೆದ್ದಾರಿ ಊರನ್ನು ಬಳಸಿ ಹೋಗಿ ಮೂರು ಕಿಲೊಮೀಟರ್ ಮಾಡಿದ್ದನ್ನು ಬಂಡಿದಾರಿ ಹೊಲದ ನಡುವೆ ಎರಡರಲ್ಲಿ ಮುಗಿಸಿದ್ದೂ ಉಂಟು.

ಊರ ಒಳಗೂ ಹೀಗೆಯೇ. ಮೇನ್ ರೋಡಿಗೆ ಸಮನಾಗಿ ಹಿಂದೊಂದು ಓಣಿ ಹೋಗುತ್ತಿರುತ್ತದೆ, ಗುಡಿಯ ಹಿಂದೆ ಒಂದು, ಅಗಸಿಯಿಂದ ಒಂದು, ರೈಲ್ವೆ ಕ್ವಾರ್ಟರ್ಸಿನ ಪಕ್ಕ ಒಂದು. ಹುಡುಗರಿಗೆ ಇವೆಲ್ಲ ಅಂಗೈ ಗೆರೆ. ಆದ್ದರಿಂದ ಯೋಜನೆ ಮಾಡುವವರು ಮೊದಲು ಕೂರಬೇಕಾದದ್ದು ಶಾಲೆಯ ಜಗಲಿಯ ಮೇಲೆ. ಒಂದು ದೊಡ್ಡ ಹಾಳೆಯಲ್ಲಿ ಊರಿನ ನಕಾಶೆ ಹಾಸಿ, ಎಂಟನೇ ತರಗತಿಯ ಮಕ್ಕಳ ಕೈಗೆ ಎರಡು ಬಣ್ಣದ ಪೆನ್ನು ಕೊಡಿ. ಬರುವ ದಾರಿಗೆ ಹಸಿರು ಗೆರೆ. ಇಳಿಯುವ ಜಾಗಕ್ಕೆ ಕೆಂಪು ಚುಕ್ಕೆ. ನೂರು ಮಕ್ಕಳು ಬರೆದರೂ ಗೆರೆಗಳು ನಾಲ್ಕೈದು ದಾರಿಗಳಲ್ಲಿ ಒಂದಾಗುತ್ತವೆ. ಚುಕ್ಕೆಗಳು ಮತ್ತೆ ಮತ್ತೆ ಅವೇ ಜಾಗಗಳ ಮೇಲೆ ಬೀಳುತ್ತವೆ. ಆಮೇಲೆ ಶಾಲೆ ಸೇರುವ, ಬಿಡುವ ಹೊತ್ತಿನಲ್ಲಿ, ಪಾಳಿ ಬದಲಾಗುವ ಹೊತ್ತಿನಲ್ಲಿ, ಸಂತೆಯ ದಿನ, ಆ ಚುಕ್ಕೆಗಳ ಹತ್ತಿರ ಕೂತು ಎಣಿಸಿ: ಎಷ್ಟು ಸೈಕಲ್, ಎಷ್ಟು ಲಾರಿ, ಎಷ್ಟು ಮಂದಿ ಇಳಿದರು. ಹತ್ತನೇ ತರಗತಿಯ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಾರದು.

ನೆದರ್ಲೆಂಡ್ಸ್ ಸೈಕಲ್ಲಿನ ದೇಶ ಎಂದು ನಾವೆಲ್ಲ ಕೇಳಿದ್ದೇವೆ. ಅದು ಹುಟ್ಟಿನಿಂದ ಬಂದ ಗುಣ ಅಂದುಕೊಂಡಿದ್ದರೆ ತಪ್ಪು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಾಯಿ–ತಂದೆಯರು ಬೀದಿಗಿಳಿದರು. "ಮಕ್ಕಳ ಕೊಲೆ ನಿಲ್ಲಿಸಿ" ಎಂಬುದೇ ಆ ಚಳವಳಿಯ ಹೆಸರಾಯಿತು. 1973ರ ತೈಲ ಬಿಕ್ಕಟ್ಟು ಸರಕಾರಕ್ಕೂ ಬುದ್ಧಿ ಕಲಿಸಿತು. ಆ ದೇಶದಲ್ಲಿ ಹೌಟನ್ ಎಂಬ ಊರಿದೆ. ಜನಸಂಖ್ಯೆ ಸುಮಾರು ಐವತ್ತು ಸಾವಿರ, ನಮ್ಮ ಶಹಾಬಾದಿನಷ್ಟೇ. ನಡುವೆ ರೈಲು ನಿಲ್ದಾಣ. ಕಾರುಗಳು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಊರ ಹೊರಗಿನ ವರ್ತುಲ ರಸ್ತೆ ಬಳಸಿ ಬರಬೇಕು. ಸೈಕಲಿನವರು ನಡು ಊರಿನ ಮೂಲಕ ನೇರ ಹೋಗುತ್ತಾರೆ. ಶಾಲೆಗಳು ಆ ಸೈಕಲ್ ದಾರಿಯ ಮಗ್ಗುಲಲ್ಲೇ ಇವೆ. ಸುತ್ತು ಗಾಡಿಗೆ, ನೇರ ದಾರಿ ಸೈಕಲಿಗೆ. ಇಷ್ಟೇ ಅದರ ಗುಟ್ಟು. ಡಚ್ಚರು ಒಳ್ಳೆಯ ಸೈಕಲ್ ದಾರಿಗೆ ಐದು ಲಕ್ಷಣ ಹೇಳುತ್ತಾರೆ: ನಡುವೆ ತುಂಡಾಗಬಾರದು, ಸುತ್ತು ಬಳಸಬಾರದು, ಅಪಾಯ ಇರಬಾರದು, ತುಳಿಯಲು ಹಗುರಾಗಿರಬೇಕು, ಮನಸ್ಸಿಗೆ ಹಿತವಾಗಿರಬೇಕು. ನಮ್ಮಲ್ಲಿ ಬಹಳಷ್ಟು ಯೋಜನೆಗಳು ಸೋಲುವುದು ಮೊದಲನೆಯದರಲ್ಲೇ. ಎರಡು ಕಿಲೊಮೀಟರ್ ಚೆಂದದ ದಾರಿ ಮಾಡಿ, ಕಡೆಯ ಐವತ್ತು ಮೀಟರಿನಲ್ಲಿ ಮಗುವನ್ನು ಹೆದ್ದಾರಿಗೆ ಬಿಟ್ಟರೆ, ಅವ್ವ ಲೆಕ್ಕ ಹಾಕುವುದು ಆ ಐವತ್ತು ಮೀಟರನ್ನೇ.

ಆದ್ದರಿಂದ ಹಣ ಸ್ವಲ್ಪವೇ ಇದ್ದರೆ ಅದನ್ನು ಕೆಂಪು ಚುಕ್ಕೆಗಳ ಮೇಲೆ ಸುರಿಯಬೇಕು. ಹೇಗೆ?

ಬಂಡಿದಾರಿ ಹೆದ್ದಾರಿಯನ್ನು ಸೇರುವ ಕಡೆ ಮೊದಲು ಜಾಲಿಕಂಟಿ ಕಡಿಯಬೇಕು, ಫ್ಲೆಕ್ಸು ತೆಗೆಯಬೇಕು. ಚಾಲಕನಿಗೆ ಮಗು ಕಾಣಬೇಕು, ಮಗುವಿಗೆ ಲಾರಿ ಕಾಣಬೇಕು. ಕಡಿದ ಜಾಲಿಯ ಮುಳ್ಳನ್ನು ಗುಡಿಸಿ ಹಾಕಬೇಕು, ಇಲ್ಲದಿದ್ದರೆ ಪಂಚರ್ ಅಂಗಡಿಯವನಿಗೆ ಮಾತ್ರ ಹಬ್ಬ. ಆಮೇಲೆ ದಾಟುವ ಜಾಗವನ್ನು ಅಂಗೈಯಗಲ ಎತ್ತರಿಸಿ, ಮುಂಚೆಯೇ ಗಡಗಡ ಎನ್ನುವ ಪಟ್ಟಿ ಹಾಕಿ ಲಾರಿಯ ವೇಗ ಇಳಿಸಬೇಕು. ರಸ್ತೆ ಅಗಲವಿದ್ದರೆ ನಡುವೆ ಒಂದು ಸಣ್ಣ ಕಟ್ಟೆ ಬೇಕು, ಅರ್ಧ ದಾಟಿ ನಿಂತು ಉಸಿರು ಬಿಡಲು. ಸೈಕಲಿನ ಉದ್ದ ಹೆಚ್ಚುಕಡಿಮೆ ಒಂದೂ ಮುಕ್ಕಾಲು ಮೀಟರ್ ಇರುವುದರಿಂದ ಆ ಕಟ್ಟೆ ಎರಡು ಮೀಟರಿಗೆ ಕಡಿಮೆ ಅಗಲ ಇರಬಾರದು. ಹಿಂದಿನ ಗಾಲಿ ರಸ್ತೆಯಲ್ಲೇ ಉಳಿಯುವ ಕಟ್ಟೆ ಇದ್ದೂ ಇಲ್ಲದಂತೆ. ಮೇಲೊಂದು ದೀಪ. ಹೆಚ್ಚುವರಿ ಪಾಠ ಮುಗಿಸಿ ಬರುವ ಹುಡುಗಿಗೆ ಚಳಿಗಾಲದ ಆರು ಗಂಟೆ ಅಂದರೆ ಕತ್ತಲಾಗುವ ಹೊತ್ತು.

ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿದ್ದರೆ ಇನ್ನೊಂದು ಉಪಾಯವಿದೆ. ನಮ್ಮ ಸೀಮೆಯ ಹಳ್ಳಗಳು ವರ್ಷದಲ್ಲಿ ಬಹುಪಾಲು ಒಣಗಿಯೇ ಇರುತ್ತವೆ. ಅವುಗಳ ಮೇಲೆ ಹೊಸ ಸಿಡಿ, ಅಂದರೆ ಮೋರಿ, ಕಟ್ಟುವಾಗ ಪೈಪು ಹಾಕುವ ಬದಲು ಮನುಷ್ಯ ಹಾಯುವಷ್ಟು ಎತ್ತರದ ಪೆಟ್ಟಿಗೆ ಸಿಡಿ ಕಟ್ಟಿ, ಒಂದು ಬದಿಗೆ ಹಾಸು ಹಾಕಿದರೆ ಮಳೆಗಾಲದ ಕೆಲವು ದಿನ ಬಿಟ್ಟು ಉಳಿದ ಕಾಲವೆಲ್ಲ ಸೈಕಲ್ ಕೆಳಗಿನಿಂದಲೇ ದಾಟಬಹುದು. ನೀರಿಗೆ ಮಾಡಿದ ದಾರಿಯಲ್ಲಿ ಮಕ್ಕಳಿಗೂ ಪಾಲು.

ರೈಲಿನ ವಿಷಯ ಹೇಳಬೇಕು. 2019ರ ಆರಂಭದ ಹೊತ್ತಿಗೆ ಬ್ರಾಡ್‌ಗೇಜ್ ಹಳಿಗಳ ಮೇಲಿನ ಕಾವಲಿಲ್ಲದ ಗೇಟುಗಳನ್ನೆಲ್ಲ ರೈಲ್ವೆ ತೆಗೆದುಹಾಕಿತು. ಜೀವ ಉಳಿಯಿತು, ಒಳ್ಳೆಯದೇ. ಆದರೆ ಅವುಗಳ ಬದಲಿಗೆ ಬಂದ ಕೆಳಸೇತುವೆಗಳಲ್ಲಿ ಎಷ್ಟೋ ಕಡೆ ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಅಲ್ಲಿ ಬದಿಯಲ್ಲಿ ಎತ್ತರದ ಒಂದು ಹಾಸು, ಒಂದು ದೀಪ, ನೀರು ಹೋಗಲು ತಗ್ಗಿನ ಚರಂಡಿ, ಇಷ್ಟಾದರೆ ಸಾಕು. ಗೇಟು ಇರುವ ಕಡೆ ಹಳಿಯನ್ನು ಓರೆಯಾಗಿ ದಾಟಬೇಡಿ ಎಂದು ಮಕ್ಕಳಿಗೆ ಕಲಿಸಬೇಕು. ಹಳಿಯ ಸಂದಿಯಲ್ಲಿ ಮುಂಗಾಲಿ ಸಿಕ್ಕರೆ ಎಂಥ ಸವಾರನೂ ಬೀಳುತ್ತಾನೆ. ನಾನು ಬಿದ್ದಿದ್ದೇನೆ. ಗದ್ದದ ಮೇಲೆ ಅದರ ಗುರುತು ಇನ್ನೂ ಇದೆ.

ಇನ್ನು ನೆಲ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಅಂಟು. ಆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡರೆ ಸೈಕಲ್ ನಮ್ಮನ್ನು ಹೊರುವ ಬದಲು ನಾವು ಸೈಕಲನ್ನು ಹೊರಬೇಕಾಗುತ್ತದೆ. ಆದ್ದರಿಂದ ಬಂಡಿದಾರಿಗೆ ಎರಡು ಮೀಟರ್ ಅಗಲದ ಗಟ್ಟಿ ಹಾಸು ಬೇಕೇ ಬೇಕು. ನಮ್ಮಲ್ಲಿ ಅದಕ್ಕೆ ಬರವಿಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಫರಸಿ ಕಡಿದು ಉಳಿದ ಚೂರುಕಲ್ಲಿನ ಗುಡ್ಡೆಗಳೇ ಬಿದ್ದಿವೆ. ಕೆಳಗೆ ಚೂರುಕಲ್ಲು, ಮೇಲೆ ಮುರುಮು ಹಾಕಿ ರೋಲರ್ ಹೊಡೆದರೆ ದಾರಿ. ಒಂದು ಎಚ್ಚರ: ನಯವಾದ ಫರಸಿಯನ್ನೇ ಹಾಸಬೇಡಿ, ಮಳೆ ಬಿದ್ದರೆ ಅದು ಎಣ್ಣೆ ಸವರಿದ ಹಂಚು. ದಾರಿಯ ಪಡುವಲ ಬದಿಗೆ ಬೇವಿನ ಸಾಲು ನೆಡಿ. ಪರೀಕ್ಷೆ ಬರುವ ಏಪ್ರಿಲಿನಲ್ಲಿ ನಮ್ಮ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಬೇರೆ ನಾಡಿನಲ್ಲಿ ನೆರಳು ಅಲಂಕಾರ ಇರಬಹುದು. ಕಲಬುರಗಿ ಜಿಲ್ಲೆಯಲ್ಲಿ ಅದೂ ಸುರಕ್ಷತೆಯ ಲೆಕ್ಕಕ್ಕೇ ಸೇರುತ್ತದೆ.

"ಇದಕ್ಕೆಲ್ಲ ರೊಕ್ಕ?" ಎಂದು ಕೇಳುತ್ತೀರಿ. ನಮ್ಮ ಸೀಮೆಗೆ ಎಲ್ಲ ಕಡೆ ಇಲ್ಲದ ಎರಡು ಕೊಡಗಳಿವೆ. ಒಂದು, 371(ಜೆ) ವಿಧಿಯ ಕೆಳಗೆ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಇನ್ನೊಂದು, 2015ರಲ್ಲಿ ಗಣಿ ಕಾಯ್ದೆಯ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನ. ಗಣಿಗಾರಿಕೆಯಿಂದ ತೊಂದರೆಗೆ ಒಳಗಾದ ಊರುಗಳಿಗೆ ಖರ್ಚು ಮಾಡಲೆಂದೇ ಇರುವ ಹಣ ಅದು. ನೆಲದಡಿಯ ಸುಣ್ಣಗಲ್ಲು ಲಾರಿ ಹತ್ತಿ ಹೋಗುತ್ತದೆ. ಆ ಲಾರಿಯ ಕಾರಣಕ್ಕೇ ಮಗು ಸೈಕಲ್ ಇಳಿಯುತ್ತದೆ. ಆ ಕಲ್ಲಿನ ಹಣದಲ್ಲಿ ಆ ಮಗುವಿಗೆ ಎರಡು ಮೀಟರ್ ದಾರಿ ಕೇಳುವುದು ದಾನ ಕೇಳಿದಂತೆ ಅಲ್ಲ, ಬಾಕಿ ಕೇಳಿದಂತೆ.

ಕೆಲವಕ್ಕೆ ಹಣವೂ ಬೇಡ, ಒಂದು ಆದೇಶ ಸಾಕು. 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಂತೆ ಸಾರ್ವಜನಿಕ ಸುರಕ್ಷತೆಗಾಗಿ ವೇಗದ ಮಿತಿ ಇಳಿಸಬಹುದು. 115ನೇ ಕಲಮಿನಂತೆ ಒಂದು ರಸ್ತೆಯಲ್ಲಿ ಭಾರಿ ವಾಹನಗಳನ್ನು ತಡೆಯಬಹುದು. ಮುಂಜಾನೆ ಒಂಬತ್ತರಿಂದ ಹತ್ತೂವರೆ, ಸಂಜೆ ನಾಲ್ಕರಿಂದ ಐದೂವರೆ, ಊರ ನಡುವೆ ಲಾರಿ ಬೇಡ ಎಂದರೆ ದಿನಕ್ಕೆ ಮೂರೇ ತಾಸು. ಸಿಮೆಂಟು ಮೂರು ತಾಸು ಕಾಯಬಲ್ಲದು. 2019ರ ತಿದ್ದುಪಡಿಯಲ್ಲಿ 138ನೇ ಕಲಮಿಗೆ ಸೇರಿಸಿದ ಉಪಕಲಂ, ಪಾದಚಾರಿಗಳ ಮತ್ತು ಯಂತ್ರವಿಲ್ಲದ ವಾಹನಗಳ ಓಡಾಟಕ್ಕಾಗಿ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯೂ ಇದೆ. ಮಕ್ಕಳು ಚುಕ್ಕೆ ಇಟ್ಟ ಆ ಹಾಳೆ ಹೋಗಬೇಕಾದದ್ದು ಆ ಮೇಜಿನ ಮೇಲೆ.

ಕಡೆಯದಾಗಿ ಚಂದ್ರಂಪಳ್ಳಿ. ಕಳೆದೊಂದು ಚಳಿಗಾಲದಲ್ಲಿ ಚಿಂಚೋಳಿಯಿಂದ ಅಲ್ಲಿಗೆ ಹೋಗಿದ್ದೆ. ಸರನಾಲಾ ಹಳ್ಳಕ್ಕೆ ಕಟ್ಟಿದ ಜಲಾಶಯ, ಸುತ್ತ ಗುಡ್ಡ, 2011ರಲ್ಲಿ ವನ್ಯಜೀವಿಧಾಮವಾದ ಸುಮಾರು 135 ಚದರ ಕಿಲೊಮೀಟರಿನ ಒಣ ಕಾಡು. ಅಣೆಕಟ್ಟೆಯಿಂದ ಹೊರಟ ಕಾಲುವೆಯ ಏರಿಯ ಮೇಲೆ ತೋಟಗಾರಿಕೆ ಮಾಡುವವರ, ಕುರಿ ಕಾಯುವವರ ಕಾಲುದಾರಿ. ಏರಿ ಎಂದರೆ ಏರಿಳಿತವಿಲ್ಲದ ದಾರಿ, ನೀರು ಒಪ್ಪಿದ ಮಟ್ಟ. ಇಂಥ ಕಾಲುವೆ ಏರಿಗಳೂ ನಮ್ಮ ಸೈಕಲ್ ನಕಾಶೆಗೆ ಸೇರಬೇಕು.

ಚಂದ್ರಂಪಳ್ಳಿಯ ರಸ್ತೆಯಲ್ಲಿ ಶಾಲೆ ಬಿಟ್ಟು ಮನೆ ಕಡೆ ಹೊರಟ ಮೂವರು ಹುಡುಗಿಯರು ಎದುರಾದರು. ಮೂರು ಸೈಕಲ್, ಒಂದರ ಪಕ್ಕ ಒಂದು. ರಸ್ತೆಯನ್ನೇ ತುಂಬಿಕೊಂಡು, ಒಬ್ಬಳು ಇನ್ನೊಬ್ಬಳ ಹೆಗಲ ಮೇಲೆ ಕೈಯಿಟ್ಟು, ಏನೋ ಹೇಳಿ ನಗುತ್ತ ಬರುತ್ತಿದ್ದರು. ನನ್ನ ಗಾಡಿ ಕಂಡರೂ ಅವರು ಇಳಿಯಲಿಲ್ಲ. ನಾನೇ ಬದಿಗೆ ಸರಿದು ನಿಂತೆ. ವಾಡಿಯ ಗೇಟಿನ ಮುಂದೆ ಬೀಡಿ ಹಚ್ಚಿಕೊಂಡು ಕೂತ ಲಾರಿಯವನು ನೆನಪಾದ.

ಅದೇ ಸಂಜೆ ಚಿಂಚೋಳಿಯ ದೊಡ್ಡ ರಸ್ತೆಯಲ್ಲಿ ಅಂಥದೇ ಮೂವರನ್ನು ಕಂಡೆ. ಒಬ್ಬರ ಹಿಂದೆ ಒಬ್ಬರು, ಮಾತಿಲ್ಲ, ಕಣ್ಣೆಲ್ಲ ಕನ್ನಡಿ ಇಲ್ಲದ ಬೆನ್ನ ಹಿಂದೆ. ತಿರುವು ಬಂದಾಗ ಮೂವರೂ ಇಳಿದರು. ಸೈಕಲ್ ಮೇಲೆ ಕೂತ ಮಕ್ಕಳು ಅಕ್ಕಪಕ್ಕ ಮಾತಾಡುತ್ತ ಹೋಗುತ್ತಿದ್ದಾರೋ ಇಲ್ಲವೋ ನೋಡಿ. ದಾರಿ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಬೇರೆ ಅಳತೆಗೋಲು ಬೇಕಿಲ್ಲ.

ನಾಳೆ ಮುಂಜಾನೆ ಒಂಬತ್ತೂವರೆಗೆ ನಿಮ್ಮೂರ ಅಂಚಿಗೆ ಹೋಗಿ ಅರ್ಧ ತಾಸು ನಿಲ್ಲಿ. ಜೇಬಿನಲ್ಲಿ ಒಂದು ಕೆಂಪು ಪೆನ್ನಿರಲಿ.